ಗಿಟಾರ್ ಪೆಡಲ್ ಪೆಟ್ಟಿಗೆಗೆ ತೂತು ಕೊರೆಯುವಾಗ ಗ್ಲೌಸ್ ಹಾಕಬೇಕೆ? ಯಾವ ಸಲಹೆ ಸರಿ, ಯಾವುದು ಅಪಾಯ?

ಗಣೇಶೋತ್ಸವದ ರಸಮಂಜರಿ ಕಾರ್ಯಕ್ರಮಗಳಲ್ಲಿ ಗಿಟಾರ್ ನುಡಿಸುವವರ ಕಾಲ ಬಳಿ ಒಂದೆರಡು ಪುಟ್ಟ ಲೋಹದ ಪೆಟ್ಟಿಗೆಗಳಿರುವುದನ್ನು ನೀವು ಗಮನಿಸಿರಬಹುದು. ಅವುಗಳಿಗೆ ಎಫೆಕ್ಟ್ ಪೆಡಲ್ ಎಂದು ಹೆಸರು. ಕಾಲಿನಿಂದ ಒತ್ತಿದರೆ ಗಿಟಾರಿನ ದನಿ ಒರಟಾಗುತ್ತದೆ, ಇಲ್ಲವೇ ಪ್ರತಿಧ್ವನಿಸುತ್ತದೆ. ಸರಳ ಪೆಡಲ್‌ನ ಒಳಗೆ ಇರುವುದು ಕೆಲವು ಟ್ರಾನ್ಸಿಸ್ಟರ್, ರೆಸಿಸ್ಟರ್, ಕೆಪಾಸಿಟರ್ ಮತ್ತು ಒಂದು 9 ವೋಲ್ಟ್ ಬ್ಯಾಟರಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಕೊಂಡು ತಂದು ಮನೆಯಲ್ಲೇ ಇದನ್ನು ಜೋಡಿಸಬಹುದು. ಹೆಚ್ಚಿನವರಿಗೆ ಕಷ್ಟವಾಗುವುದು ಸರ್ಕ್ಯೂಟ್ ಅಲ್ಲ, ಆ ಲೋಹದ ಪೆಟ್ಟಿಗೆಗೆ ತೂತು ಕೊರೆಯುವುದು.

ಇಲ್ಲೇ ಮೊಬೈಲ್ ಸಲಹೆಗಳು ಬಂದು ಸೇರುತ್ತವೆ. "ಗೋಡೆ ಕೊರೆಯುವ ಡ್ರಿಲ್ ಸಾಕು", "ಸ್ಪೀಡ್ ಜಾಸ್ತಿ ಇದ್ದಷ್ಟೂ ಒಳ್ಳೆಯದು", "ಗ್ಲೌಸ್ ಹಾಕಿಕೊಳ್ಳಿ", "ಕಣ್ಣಿಗೆ ಚೂರು ಬಿದ್ದರೆ ಆಯಸ್ಕಾಂತ ಹಿಡಿಯಿರಿ". ಇವುಗಳಲ್ಲಿ ಕೆಲವು ಬಿಟ್ ಹಾಳು ಮಾಡುತ್ತವೆ, ಕೆಲವು ಬೆರಳು ಮತ್ತು ಕಣ್ಣಿಗೇ ಕುತ್ತು ತರುತ್ತವೆ. ಪೆಡಲ್ ಮಾಡುವವರಿಗೆ ಮಾತ್ರವಲ್ಲ, ಮನೆಯಲ್ಲಿ ಸ್ವಿಚ್ ಬೋರ್ಡ್ ಕೂರಿಸುವವರಿಗೆ, ಗೇಟಿಗೆ ಚಿಲಕ ಹಾಕುವವರಿಗೆ, ವರ್ಕ್‌ಶಾಪ್‌ಗೆ ಹೊಸದಾಗಿ ಸೇರಿದ ಹುಡುಗರಿಗೆ ಕೂಡ ಇದೇ ಮಾತು ಅನ್ವಯಿಸುತ್ತದೆ.

ಅಂದಹಾಗೆ, ಲೋಹ ಕೊರೆಯುವ ವಿದ್ಯೆ ನಮಗೆ ದೂರದ್ದಲ್ಲ. 1953ರಲ್ಲಿ ಶುರುವಾದ ಎಚ್‌ಎಂಟಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಕೈಗಡಿಯಾರಕ್ಕಿಂತ ಮೊದಲು ತಯಾರಿಸಿದ್ದು ಲೇತ್‌ನಂಥ ಯಂತ್ರಗಳನ್ನು. ತುಮಕೂರು ರಸ್ತೆ ಹಿಡಿದು ಹೊರಟರೆ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ಪೀಣ್ಯದ ನೂರಾರು ಸಣ್ಣ ಕಾರ್ಖಾನೆಗಳು, ಯಂತ್ರೋಪಕರಣಗಳ ದೊಡ್ಡ ಮೇಳ ಇಮ್ಟೆಕ್ಸ್ ನಡೆಯುವ ಮಾದಾವರದ ವಸ್ತುಪ್ರದರ್ಶನ ಕೇಂದ್ರ, ನೆಲಮಂಗಲ ದಾಟಿದ ಮೇಲೆ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶ ಸಿಗುತ್ತವೆ. ಶಿವಗಂಗೆ ಬೆಟ್ಟಕ್ಕೆ ಹೋಗುವವರು ತಿರುಗುವುದೂ ಅಲ್ಲೇ. ಈ ಕಾರ್ಖಾನೆಗಳ ನೆಲದಲ್ಲಿ ಮೊದಲ ದಿನ ಕಲಿಸುವ ಪಾಠ ಫಾರ್ವರ್ಡ್‌ಗಳಲ್ಲಿ ಬರುವುದಕ್ಕೆ ಹಲವು ಕಡೆ ನೇರ ವಿರುದ್ಧವಾಗಿದೆ.

ಪೆಟ್ಟಿಗೆ ಲೋಹದ್ದೇ ಏಕೆ ಬೇಕು?

ಗಿಟಾರಿನ ಪಿಕಪ್‌ನಿಂದ ಬರುವ ಸಂಕೇತ ಬಹಳ ದುರ್ಬಲ, ಒಂದು ವೋಲ್ಟ್‌ನ ಸಣ್ಣ ಭಾಗ ಮಾತ್ರ. ಮನೆಯ ವೈರಿಂಗ್‌ನ 50 ಹರ್ಟ್ಸ್ ಗುಂಯ್ ಶಬ್ದ, ಮೊಬೈಲ್‌ನ ಟಿಕ್‌ಟಿಕ್ ಸದ್ದು ಇದರೊಳಗೆ ಸುಲಭವಾಗಿ ಸೇರಿಬಿಡುತ್ತವೆ. ಸುತ್ತ ಲೋಹದ ಗೋಡೆ ಇದ್ದು, ಅದನ್ನು ಸರ್ಕ್ಯೂಟ್‌ನ ಗ್ರೌಂಡ್‌ಗೆ ಜೋಡಿಸಿದರೆ ಹೊರಗಿನ ವಿದ್ಯುತ್ ಕ್ಷೇತ್ರ ಒಳಗೆ ಬರುವುದಿಲ್ಲ. 1836ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ವ ಇದು.

"ತೂತು ಕೊರೆದರೆ ಈ ರಕ್ಷಣೆ ಹೋಗುತ್ತದೆ" ಎಂಬ ಮಾತು ಸರಿಯಲ್ಲ. ತರಂಗಾಂತರಕ್ಕೆ ಹೋಲಿಸಿದರೆ ತೂತು ತೀರಾ ಚಿಕ್ಕದಾಗಿದ್ದರೆ ತರಂಗ ಅದರೊಳಗೆ ನುಸುಳುವುದು ಅತ್ಯಲ್ಪ. 900 ಮೆಗಾಹರ್ಟ್ಸ್ ಮೊಬೈಲ್ ತರಂಗದ ಉದ್ದ ಸುಮಾರು 33 ಸೆಂ.ಮೀ., ಪೆಡಲ್‌ನ ಅತಿ ದೊಡ್ಡ ತೂತು ಸುಮಾರು 12 ಮಿ.ಮೀ. ಅದೇ ರೀತಿ "ಲೋಹದ ಪೆಟ್ಟಿಗೆ ಇದ್ದರೆ ಗುಂಯ್ ಶಬ್ದವೇ ಬರಲ್ಲ" ಎಂಬುದೂ ಪೂರ್ತಿ ನಿಜವಲ್ಲ. ಹತ್ತಿರದ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ತೆಳು ಅಲ್ಯೂಮಿನಿಯಂ ತಡೆಯಲಾರದು. ಪೆಟ್ಟಿಗೆಯ ಒಳಭಾಗಕ್ಕೆ ಬಣ್ಣ ಬಳಿದಿದ್ದರೆ ಜ್ಯಾಕ್ ಕೂರುವ ಜಾಗದಲ್ಲಿ ಅದನ್ನು ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಗ್ರೌಂಡ್ ಸಂಪರ್ಕವೇ ಸಿಗದೆ ಪೆಟ್ಟಿಗೆ ಇದ್ದೂ ಇಲ್ಲದಂತಾಗುತ್ತದೆ.

ಗೋಡೆ ಕೊರೆಯುವ ಬಿಟ್ ನಡೆಯುತ್ತದೆಯೇ?

ಇಲ್ಲ. ಕಲ್ಲು ಮತ್ತು ಲೋಹ ಸೋಲುವ ರೀತಿಯೇ ಬೇರೆ. ಶಿವಗಂಗೆ ಬೆಟ್ಟದ ಮೇಲಿರುವ ಬಂಡೆಯ ನಂದಿಯನ್ನು ನೋಡಿ. ಅಂಥ ಕಲ್ಲು ಗಟ್ಟಿ, ಆದರೆ ಪೆಡಸು. ಉಳಿಯಿಂದ ಹೊಡೆದಾಗ ಸಣ್ಣ ಸಣ್ಣ ಚಕ್ಕೆಯಾಗಿ ಸಿಡಿಯುತ್ತದೆ. ಗೋಡೆಗೆ ಬಳಸುವ ಹ್ಯಾಮರ್ ಡ್ರಿಲ್ ಕೂಡ ಮಾಡುವುದು ಅದನ್ನೇ. ತಿರುಗುತ್ತಾ ಬಡಿದು ಪುಡಿ ಮಾಡುತ್ತದೆ. ಅದರ ಬಿಟ್‌ನ ತುದಿ ಮೊಂಡಾಗಿರುವುದೂ ಇದೇ ಕಾರಣಕ್ಕೆ.

ಅಲ್ಯೂಮಿನಿಯಂ ಅಥವಾ ಉಕ್ಕನ್ನು ಬಡಿದರೆ ಅದು ಸಿಡಿಯುವುದಿಲ್ಲ, ತಗ್ಗು ಬೀಳುತ್ತದೆ. ಲೋಹವನ್ನು ಚೂಪಾದ ಅಂಚಿನಿಂದ ಹೆರೆಯಬೇಕು. ತೆಂಗಿನಕಾಯಿ ತುರಿಯುವ ಹಾಗೆ ಎನ್ನಬಹುದು. ಇದಕ್ಕೆ ಬೇಕಾದದ್ದು ಹೈ ಸ್ಪೀಡ್ ಸ್ಟೀಲ್‌ನ ಬಿಟ್. ಡ್ರಿಲ್‌ನಲ್ಲಿ ಸುತ್ತಿಗೆ ಗುರುತಿನ ಮೋಡ್ ಆಫ್ ಇರಬೇಕು. ಆದರೆ ಲೋಹದಲ್ಲಿ ತಗ್ಗು ಬೀಳುವ ಗುಣ ಒಂದು ಕಡೆ ಉಪಯೋಗಕ್ಕೆ ಬರುತ್ತದೆ. ಗುರುತು ಮಾಡಿದ ಜಾಗದಲ್ಲಿ ಸೆಂಟರ್ ಪಂಚ್ ಇಟ್ಟು ಒಂದು ಏಟು ಕೊಟ್ಟರೆ ಪುಟ್ಟ ಕುಳಿ ಬೀಳುತ್ತದೆ. ಬಿಟ್ ಅಲ್ಲಿ ಕುಳಿತುಕೊಂಡು ಅತ್ತಿತ್ತ ಜಾರುವುದಿಲ್ಲ.

ಸ್ಪೀಡ್ ಹೆಚ್ಚಿದ್ದಷ್ಟೂ ಒಳ್ಳೆಯದೇ?

ಇದು ಹೆಚ್ಚು ಬಿಟ್‌ಗಳನ್ನು ಹಾಳು ಮಾಡುವ ನಂಬಿಕೆ. ಲೆಕ್ಕಕ್ಕೆ ಬರುವುದು ನಿಮಿಷಕ್ಕೆ ಎಷ್ಟು ಸುತ್ತು ಎಂಬುದಲ್ಲ, ಬಿಟ್‌ನ ಅಂಚು ನಿಮಿಷಕ್ಕೆ ಎಷ್ಟು ಮೀಟರ್ ಲೋಹದ ಮೇಲೆ ಓಡುತ್ತದೆ ಎಂಬುದು. ಬಿಟ್ ದಪ್ಪವಾದಷ್ಟೂ ಒಂದು ಸುತ್ತಿಗೆ ಅಂಚು ಹೆಚ್ಚು ದೂರ ಓಡುತ್ತದೆ. ಆದ್ದರಿಂದ ದಪ್ಪ ಬಿಟ್‌ಗೆ ಕಡಿಮೆ ವೇಗ ಬೇಕು.

ಸಾಧಾರಣ ಉಕ್ಕಿಗೆ ನಿಮಿಷಕ್ಕೆ 25 ಮೀಟರ್, ಅಲ್ಯೂಮಿನಿಯಂಗೆ 60 ಮೀಟರ್, ಸ್ಟೇನ್‌ಲೆಸ್ ಸ್ಟೀಲ್‌ಗೆ ಸುಮಾರು 12 ಮೀಟರ್ ಎಂದು ಇಟ್ಟುಕೊಳ್ಳಿ. 12 ಮಿ.ಮೀ. ತೂತಿಗೆ ಅದು ಉಕ್ಕಿನಲ್ಲಿ ಸುಮಾರು 660 ಸುತ್ತು, ಅಲ್ಯೂಮಿನಿಯಂನಲ್ಲಿ 1600 ಸುತ್ತು, ಸ್ಟೇನ್‌ಲೆಸ್‌ನಲ್ಲಿ ಬರೀ 320 ಸುತ್ತು ಆಗುತ್ತದೆ. ಕೈಯಲ್ಲಿ ಹಿಡಿದ ಡ್ರಿಲ್ ಆದರೆ ಇದಕ್ಕಿಂತ ಕಡಿಮೆಯೇ ಕ್ಷೇಮ.

ಹಳೆಯ ಸ್ಟೀಲ್ ಟಿಫನ್ ಡಬ್ಬಿಯಲ್ಲಿ ಪೆಡಲ್ ಮಾಡಲು ಹೊರಟವರು ಸೋಲುವುದು ಇಲ್ಲೇ. ಸ್ಟೇನ್‌ಲೆಸ್ ಸ್ಟೀಲ್‌ಗೆ ಒಂದು ವಿಚಿತ್ರ ಗುಣವಿದೆ. ಕತ್ತರಿಸದೆ ಬರೀ ಉಜ್ಜಿದರೆ ಉಜ್ಜಿದ ಜಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಜೋರು ವೇಗ, ಕಡಿಮೆ ಒತ್ತಡ ಕೊಟ್ಟರೆ ಹೊಗೆ ಬರುತ್ತದೆ, ಬಿಟ್ ಮೊಂಡಾಗುತ್ತದೆ, ಡಬ್ಬಿ ಹಾಗೇ ಇರುತ್ತದೆ. ನಿಧಾನ ವೇಗ, ಬಿಡದ ಒತ್ತಡ, ಎರಡು ಹನಿ ಎಣ್ಣೆ ಇದ್ದರೆ ಸುರುಳಿ ಸುರುಳಿಯಾಗಿ ಲೋಹ ಹೊರಬರುತ್ತದೆ. ಅಲ್ಯೂಮಿನಿಯಂಗೂ ಎಣ್ಣೆ ಬೇಕು, ಆದರೆ ಕಾರಣ ಬೇರೆ. ಈ ಮೆದು ಲೋಹ ಬಿಟ್‌ನ ಅಂಚಿಗೆ ಅಂಟಿಕೊಂಡು ತೂತನ್ನು ಒರಟಾಗಿಸುತ್ತದೆ. ಕರೆಂಟ್ ಡ್ರಿಲ್ ಹಿಡಿದು ನೀರು ಸುರಿಯುವ ಸಲಹೆಯನ್ನಂತೂ ಕೇಳಲೇಬೇಡಿ.

ತೂತು ತ್ರಿಕೋನವಾಗುವುದೇಕೆ?

ಪೆಡಲ್‌ಗಳಿಗೆ ಹೆಚ್ಚಾಗಿ ಬಳಸುವುದು ಅಚ್ಚೊತ್ತಿದ ಅಲ್ಯೂಮಿನಿಯಂ ಪೆಟ್ಟಿಗೆ. 1590ಬಿ ಎಂಬ ಪ್ರಸಿದ್ಧ ಅಳತೆಯದು ಸುಮಾರು 112 ಮಿ.ಮೀ. ಉದ್ದ, 60 ಮಿ.ಮೀ. ಅಗಲ, 31 ಮಿ.ಮೀ. ಎತ್ತರ. ಗೋಡೆಯ ದಪ್ಪ ಸುಮಾರು 2 ಮಿ.ಮೀ. ಇಷ್ಟು ತೆಳು ಗೋಡೆಗೆ 12 ಮಿ.ಮೀ. ಬಿಟ್ ಇಟ್ಟರೆ ಅದರ ಮೊನೆ ಆಚೆ ಬದಿಗೆ ಹೊರಬಂದಾಗಲೂ ಅಂಚುಗಳು ಇನ್ನೂ ಪೂರ್ತಿ ಒಳಗೆ ಇಳಿದಿರುವುದಿಲ್ಲ. ಆಧಾರ ತಪ್ಪಿದ ಬಿಟ್ ಅಲುಗಾಡುತ್ತದೆ, ತೂತು ದುಂಡಗೆ ಬರದೆ ಮೂರು ಮೂಲೆಯಾಗುತ್ತದೆ. ಕೆಲವೊಮ್ಮೆ ಬಿಟ್ ಕಚ್ಚಿಕೊಂಡು ಇಡೀ ಪೆಟ್ಟಿಗೆಯನ್ನೇ ಗಿರ್ರನೆ ತಿರುಗಿಸುತ್ತದೆ.

ಮೊದಲು 3 ಮಿ.ಮೀ. ತೂತು ಕೊರೆದು, ನಂತರ ಮೆಟ್ಟಿಲು ಮೆಟ್ಟಿಲಾಗಿರುವ ಸ್ಟೆಪ್ ಡ್ರಿಲ್‌ನಿಂದ ಹಿಗ್ಗಿಸುವುದು ಇದಕ್ಕೆ ಪರಿಹಾರ. ಕಾಲಿನಿಂದ ಒತ್ತುವ ಸ್ವಿಚ್‌ಗೆ ಸುಮಾರು 12 ಮಿ.ಮೀ., ಗಿಟಾರ್ ಜ್ಯಾಕ್‌ಗೆ ಸುಮಾರು 9.5 ಮಿ.ಮೀ., ಚಿಕ್ಕ ವಾಲ್ಯೂಮ್ ಕಂಟ್ರೋಲ್‌ಗೆ ಸುಮಾರು 7 ಮಿ.ಮೀ. ಬೇಕಾಗುತ್ತದೆ. ಆದರೂ ನಿಮ್ಮ ಕೈಯಲ್ಲಿರುವ ಬಿಡಿಭಾಗವನ್ನು ಅಳೆದೇ ಕೊರೆಯಿರಿ. ಒಳಗೆ ಭಾಗಗಳು ಒಂದಕ್ಕೊಂದು ತಾಗದಂತೆ, ಮುಚ್ಚಳದ ಸ್ಕ್ರೂ ಕಂಬಗಳಿಗೆ ಅಡ್ಡ ಬಾರದಂತೆ ಕಾಗದದ ಮೇಲೆ ನಕ್ಷೆ ಬರೆದು ಅಂಟಿಸಿಕೊಳ್ಳುವುದು ಒಳ್ಳೆಯದು. ಕೊರೆಯುವ ಕೆಲಸ ಮುಗಿದ ಮೇಲೆಯೇ ಸರ್ಕ್ಯೂಟ್ ಒಳಗಿಡಬೇಕು. ಲೋಹದ ಒಂದು ಎಳೆ ಬೋರ್ಡ್ ಮೇಲೆ ಬಿದ್ದರೂ ಶಾರ್ಟ್ ಆಗುತ್ತದೆ.

ಗ್ಲೌಸ್ ಹಾಕಿದರೆ ಕೈಗೆ ರಕ್ಷಣೆ ಅಲ್ಲವೇ?

ಡ್ರಿಲ್ ತಿರುಗುತ್ತಿರುವಾಗ ಅಲ್ಲ. ಬಿಟ್ ಬರಿಗೈಯ ಚರ್ಮಕ್ಕೆ ತಾಗಿದರೆ ಗಾಯವಾಗಬಹುದು, ಆದರೆ ಕೈ ಹಿಂದಕ್ಕೆ ಬರುತ್ತದೆ. ಗ್ಲೌಸ್‌ನ ಒಂದು ನೂಲು ಸಿಕ್ಕಿಹಾಕಿಕೊಂಡರೆ ಬಿಟ್ ಬಟ್ಟೆಯನ್ನು ಸುತ್ತಿಕೊಳ್ಳುತ್ತಾ ಬೆರಳನ್ನೂ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 1200 ಸುತ್ತು ಎಂದರೆ ಸೆಕೆಂಡಿಗೆ 20 ಸುತ್ತು. ಸ್ವಿಚ್ ಬಿಡಬೇಕು ಎಂದು ಮನಸ್ಸಿಗೆ ಹೊಳೆಯುವ ಹೊತ್ತಿಗೆ ಹತ್ತಾರು ಸುತ್ತು ಆಗಿಹೋಗಿರುತ್ತದೆ. ಅದಕ್ಕೇ ಡ್ರಿಲ್ಲಿಂಗ್ ಯಂತ್ರದ ಮುಂದೆ ಗ್ಲೌಸ್ ಬೇಡ ಎಂಬ ನಿಯಮ ವರ್ಕ್‌ಶಾಪ್‌ಗಳಲ್ಲಿದೆ. ಸಡಿಲ ತೋಳು, ದುಪಟ್ಟಾ, ಬಿಚ್ಚಿದ ಕೂದಲು, ಇಯರ್‌ಫೋನ್ ವೈರ್, ದೇವಸ್ಥಾನದಲ್ಲಿ ಕೈಗೆ ಕಟ್ಟಿಸಿಕೊಂಡ ದಾರ ಇವೆಲ್ಲಕ್ಕೂ ಇದೇ ನಿಯಮ. ಯಂತ್ರ ನಿಂತ ಮೇಲೆ ಚೂಪು ಅಂಚು ಉಜ್ಜಲು, ಚೂರು ಎತ್ತಲು ಗ್ಲೌಸ್ ಹಾಕಿಕೊಳ್ಳಬಹುದು.

ಪೆಟ್ಟಿಗೆಯನ್ನು ಕೈಯಲ್ಲಾಗಲಿ ಕಾಲಲ್ಲಾಗಲಿ ಹಿಡಿಯಬೇಡಿ. ವೈಸ್ ಅಥವಾ ಕ್ಲ್ಯಾಂಪ್‌ನಿಂದ ಮರದ ತುಂಡಿನ ಮೇಲೆ ಬಿಗಿಯಿರಿ.

ಕಣ್ಣಿಗೆ ಚೂರು ಬಿದ್ದರೆ ಆಯಸ್ಕಾಂತ ಹಿಡಿಯಬಹುದೇ?

ಬೇಡ. ಅಲ್ಯೂಮಿನಿಯಂ, ಹಿತ್ತಾಳೆಯನ್ನು ಆಯಸ್ಕಾಂತ ಎಳೆಯುವುದೇ ಇಲ್ಲ. ಕಬ್ಬಿಣದ ಚೂರಾದರೆ ಎಳೆಯಬಹುದು, ಆದರೆ ಅದು ಕರಿಗುಡ್ಡೆಯ ಮೇಲ್ಪದರವನ್ನು ಗೀರಿಕೊಂಡು ಬರುತ್ತದೆ. ಸೀರೆ ಸೆರಗಿನ ತುದಿಯಿಂದ ತೆಗೆಯುವುದು, ನಾಲಿಗೆ ಆಡಿಸುವುದು, ಹರಳೆಣ್ಣೆ ಅಥವಾ ಎದೆಹಾಲು ಬಿಡುವುದು ಕೂಡ ಸೋಂಕಿಗೆ ದಾರಿ. ಉಜ್ಜಬಾರದು. ಶುದ್ಧ ನೀರಿನಿಂದ ಕಣ್ಣು ತೊಳೆದುಕೊಳ್ಳಿ. ಆಮೇಲೂ ಚುಚ್ಚಿದ ಹಾಗೆ ಅನ್ನಿಸಿದರೆ, ಕೆಂಪಾದರೆ, ದೃಷ್ಟಿ ಮಸುಕಾದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿ. ಕಬ್ಬಿಣದ ಚೂರು ಕಣ್ಣಿನಲ್ಲೇ ಉಳಿದರೆ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ. ನೋವು ಕಡಿಮೆಯಾಯಿತು ಎಂದು ನಾಲ್ಕು ದಿನ ಬಿಟ್ಟರೆ ತೆಗೆಯುವುದು ಕಷ್ಟವಾಗುತ್ತದೆ. ಚೂರು ಕಣ್ಣಿನೊಳಗೆ ಚುಚ್ಚಿ ನಿಂತಿದ್ದರೆ ಮಾತ್ರ ತೊಳೆಯಲೂ ಬಾರದು, ಒತ್ತಲೂ ಬಾರದು. ಕಣ್ಣಿಗೆ ತಾಗದಂತೆ ಮೇಲೆ ಕಾಗದದ ಲೋಟ ಮುಚ್ಚಿಕೊಂಡು ನೇರ ಆಸ್ಪತ್ರೆಗೆ ಹೋಗಬೇಕು.

ಇದೆಲ್ಲ ಬೇಡವೆಂದರೆ ಬದಿಗಳೂ ಮುಚ್ಚಿರುವ ಸುರಕ್ಷತಾ ಕನ್ನಡಕ ಹಾಕಿಕೊಳ್ಳಿ. ಓದುವ ಕನ್ನಡಕ, ಕೂಲಿಂಗ್ ಗ್ಲಾಸ್ ಸಾಲದು. ಪಕ್ಕದಲ್ಲಿ ನಿಂತು ವಿಡಿಯೊ ಮಾಡುವವರಿಗೂ ಒಂದು ಬೇಕು.

ಅಲ್ಯೂಮಿನಿಯಂ ಪುಡಿಯಿಂದ ಮರೆವಿನ ಕಾಯಿಲೆ ಬರುತ್ತದೆಯೇ?

ಅಲ್ಯೂಮಿನಿಯಂ ಮತ್ತು ಅಲ್ಜೈಮರ್ಸ್ ನಡುವೆ ನಂಟಿರಬಹುದು ಎಂಬ ಅನುಮಾನ 1960ರ ದಶಕದಿಂದ ಇದೆ. ಆದರೆ ಅದೇ ಕಾರಣ ಎಂದು ಈವರೆಗೆ ಸಾಬೀತಾಗಿಲ್ಲ. ಡ್ರಿಲ್‌ನಿಂದ ಬರುವುದು ಸುರುಳಿ ಮತ್ತು ಚೂರು, ಅವು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಹೋಗುವಷ್ಟು ಸಣ್ಣವಲ್ಲ. ಮರಳು ಕಾಗದದಿಂದ ಉಜ್ಜುವಾಗ ಏಳುವ ನಯವಾದ ಪುಡಿ ಬೇರೆ. ಅದಕ್ಕೆ ಮಾಸ್ಕ್ ಹಾಕಿ, ಗಾಳಿಯಾಡುವ ಕಡೆ ಕೆಲಸ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಚೂರುಗಳನ್ನು ಬಾಯಿಂದ ಊದಬೇಡಿ, ಬ್ರಷ್‌ನಿಂದ ಗುಡಿಸಿ. ಮಕ್ಕಳು ಬರಿಗಾಲಲ್ಲಿ ಓಡಾಡುವ ಮನೆಯಾದರೆ ಕೊರೆಯುವ ಮುನ್ನವೇ ನೆಲಕ್ಕೆ ಹಳೆ ಪೇಪರ್ ಹಾಸಿಕೊಳ್ಳಿ.

ಹಂಚಿಕೊಳ್ಳುವುದಾದರೆ ಇಷ್ಟನ್ನು ಹಂಚಿಕೊಳ್ಳಿ:

• ಲೋಹಕ್ಕೆ ಲೋಹದ ಬಿಟ್, ಹ್ಯಾಮರ್ ಮೋಡ್ ಆಫ್.
• ದಪ್ಪ ಬಿಟ್‌ಗೆ ಕಡಿಮೆ ವೇಗ, ಎರಡು ಹನಿ ಎಣ್ಣೆ.
• ಪೆಟ್ಟಿಗೆ ಕ್ಲ್ಯಾಂಪ್‌ನಲ್ಲಿ, ಕೈಯಲ್ಲಿ ಅಲ್ಲ.
• ಕಣ್ಣಿಗೆ ಸುರಕ್ಷತಾ ಕನ್ನಡಕ ಇರಲಿ, ತಿರುಗುವ ಡ್ರಿಲ್ ಬಳಿ ಗ್ಲೌಸ್ ಬೇಡ.
• ಕಣ್ಣಿಗೆ ಚೂರು ಬಿದ್ದರೆ ನೀರು ಮತ್ತು ವೈದ್ಯರು. ಆಯಸ್ಕಾಂತ, ಎಣ್ಣೆ, ಹಾಲು ಬೇಡ.
• ಮನೆಯಲ್ಲಿ ಮಾಡುವ ಪೆಡಲ್‌ಗೆ 9 ವೋಲ್ಟ್ ಸಾಕು. 230 ವೋಲ್ಟ್ ಕರೆಂಟನ್ನು ಲೋಹದ ಪೆಟ್ಟಿಗೆಯೊಳಗೆ ತರುವ ಪ್ರಯೋಗಕ್ಕೆ ಕೈ ಹಾಕಬೇಡಿ.