ಹುಂಜಮರಿಗಳ ಹತ್ಯೆಗೆ ಇನ್ನು ನೆಪವಿಲ್ಲ

ಮೊಟ್ಟೆ ಉದ್ಯಮದಲ್ಲಿ ಹುಂಜಮರಿಗೆ ಬೆಲೆಯಿಲ್ಲ. ಅದು ಮೊಟ್ಟೆ ಇಡುವುದಿಲ್ಲ. ಮೊಟ್ಟೆಗಾಗಿ ಬೆಳೆಸಿದ ಲೇಯರ್ ತಳಿಯದಾದ್ದರಿಂದ ಮಾಂಸಕ್ಕೆ ಸಾಕುವ ಬ್ರಾಯ್ಲರ್‌ನಂತೆ ಬೇಗ ಮೈತುಂಬಿಕೊಳ್ಳುವುದೂ ಇಲ್ಲ. 21 ದಿನಗಳ ಕಾವು ಮುಗಿದು ಹೊರಬಂದ ಮರಿಗಳನ್ನು ಹ್ಯಾಚರಿಯ ಕೆಲಸಗಾರರು ಒಂದೊಂದಾಗಿ ಎತ್ತಿಕೊಂಡು, ರೆಕ್ಕೆ ಬಿಡಿಸಿ ಗರಿ ನೋಡುತ್ತಾರೆ. ಹೇಂಟೆಯಾದರೆ ಒಂದು ಬುಟ್ಟಿಗೆ, ಹುಂಜವಾದರೆ ಇನ್ನೊಂದಕ್ಕೆ. ಎರಡನೆಯ ಬುಟ್ಟಿಗೆ ಬಿದ್ದವು ಅನಿಲದಲ್ಲಿ ಉಸಿರುಗಟ್ಟಿಯೋ ಅರೆಯುವ ಯಂತ್ರಕ್ಕೆ ಸಿಕ್ಕಿಯೋ ಹುಟ್ಟಿದ ದಿನವೇ ಸಾಯುತ್ತವೆ. ಜಗತ್ತಿನಾದ್ಯಂತ ವರ್ಷಕ್ಕೆ ಅಂದಾಜು 600ರಿಂದ 700 ಕೋಟಿ ಮರಿಗಳ ಗತಿ ಇದೇ. ಮೊಟ್ಟೆಯೊಳಗಿರುವಾಗಲೇ ಭ್ರೂಣದ ಲಿಂಗ ತಿಳಿಯುವ ವಿದ್ಯೆ ಕೈಗೆ ಬಂದ ಮೇಲೂ ಈ ಹತ್ಯೆ ಮುಂದುವರಿದಿರುವುದು ಅಕ್ಷಮ್ಯ.

ಈ ವಿದ್ಯೆ ಪ್ರಯೋಗಾಲಯದ ಕನಸಾಗಿ ಉಳಿದಿಲ್ಲ. ಜರ್ಮನಿಯಲ್ಲಿ ಬಳಕೆಗೆ ಬಂದ ಒಂದು ವಿಧಾನದಲ್ಲಿ ಕಾವಿನ 9ನೇ ದಿನ ಲೇಸರ್ ಕಿರಣ ಚಿಪ್ಪಿನಲ್ಲಿ ಸೂಕ್ಷ್ಮ ರಂಧ್ರ ಕೊರೆಯುತ್ತದೆ. ಅಲ್ಲಿಂದ ತೆಗೆದ ಒಂದು ಹನಿ ದ್ರವದಲ್ಲಿ ಹೆಣ್ಣು ಹಾರ್ಮೋನ್ ಇದೆಯೇ ಎಂದು ಪರೀಕ್ಷಿಸುತ್ತಾರೆ. ಇದ್ದರೆ ಮೊಟ್ಟೆ ಮತ್ತೆ ಕಾವಿಗೆ ಹೋಗುತ್ತದೆ. ಇಲ್ಲದಿದ್ದರೆ ಅದರ ಕಾವು ಅಲ್ಲಿಗೇ ನಿಲ್ಲುತ್ತದೆ. ಚಿಪ್ಪನ್ನು ಮುಟ್ಟದೆ 12ನೇ ದಿನ ಎಂಆರ್‌ಐ ಸ್ಕ್ಯಾನ್ ಮೂಲಕ ಲಿಂಗ ಗುರುತಿಸುವ ಯಂತ್ರಗಳೂ ಕೆಲಸ ಮಾಡುತ್ತಿವೆ. ಹಾರ್ಮೋನ್ ಪರೀಕ್ಷೆಯಿಂದ ಆರಿಸಿದ ಕೋಳಿಗಳ ಮೊಟ್ಟೆ 2018ರಲ್ಲೇ ಬರ್ಲಿನ್ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದಿತ್ತು.

ಉದ್ಯಮ ಇದನ್ನು ತಾನಾಗಿಯೇ ಮೈಮೇಲೆ ಹಾಕಿಕೊಳ್ಳಲಿಲ್ಲ. ಜರ್ಮನಿಯ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯ 2013ರಲ್ಲಿ ಹತ್ಯೆ ನಿಲ್ಲಿಸಲು ಆದೇಶಿಸಿದಾಗ ಹ್ಯಾಚರಿಗಳು ಕೋರ್ಟಿಗೆ ಹೋದವು. 2019ರ ಜೂನ್‌ನಲ್ಲಿ ಲೈಪ್‌ಜಿಗ್‌ನ ಸರ್ವೋಚ್ಚ ಆಡಳಿತ ನ್ಯಾಯಾಲಯ, ಹಣದ ಲಾಭವೊಂದೇ ಮರಿಗಳನ್ನು ಕೊಲ್ಲಲು ಸಮಂಜಸ ಕಾರಣವಾಗದು ಎಂದಿತು. ಪರ್ಯಾಯ ಸಿದ್ಧವಾಗುವ ತನಕ ಮಾತ್ರ ರಿಯಾಯಿತಿ ಕೊಟ್ಟಿತು. 2021ರಲ್ಲಿ ಕಾನೂನು ಬಂತು. ವರ್ಷಕ್ಕೆ ಸುಮಾರು 4.5 ಕೋಟಿ ಹುಂಜಮರಿಗಳನ್ನು ಕೊಲ್ಲುತ್ತಿದ್ದ ದೇಶದಲ್ಲಿ 2022ರ ಜನವರಿ 1ರಿಂದ ಅದು ನಿಷಿದ್ಧವಾಯಿತು. ಗಡುವು ಬಿದ್ದ ಮೇಲೆಯೇ ಯಂತ್ರಗಳು ವ್ಯಾಪಕವಾಗಿ ಹ್ಯಾಚರಿಗಳ ಒಳಗೆ ಬಂದವು. ಈ ಪಾಠವನ್ನು ಯಾವ ಸರ್ಕಾರವೂ ಮರೆಯಬಾರದು.

ಮೊಟ್ಟೆಯೊಳಗೆ ಕೊಂದರೂ ಕೊಲೆಯೇ ಅಲ್ಲವೇ ಎಂಬ ಆಕ್ಷೇಪ ಹಗುರವಾದುದಲ್ಲ. ಆದ್ದರಿಂದಲೇ ಯಾವ ದಿನ ಎಂಬುದು ಮುಖ್ಯ. 13ನೇ ದಿನಕ್ಕೆ ಮುನ್ನ ಭ್ರೂಣದ ಮಿದುಳಿನಲ್ಲಿ ಚಟುವಟಿಕೆ ಕಾಣದು ಎಂಬ ಸಂಶೋಧನೆಯನ್ನು ಆಧರಿಸಿ ಜರ್ಮನಿ 12ನೇ ದಿನಕ್ಕೆ ಗೆರೆ ಎಳೆದಿದೆ. ನೋವು ಅರಿಯುವ ಜೀವವನ್ನು ಅರೆಯುವುದಕ್ಕೂ ನೋವು ಹುಟ್ಟುವ ಮುನ್ನ ಕಾವು ನಿಲ್ಲಿಸುವುದಕ್ಕೂ ಅಂತರವಿದೆ. ಖರ್ಚಿನ ದೂರಿನಲ್ಲಿ ಮಾತ್ರ ಹುರುಳಿಲ್ಲ. ಲೇಯರ್ ಕೋಳಿ ವರ್ಷಕ್ಕೆ ಸುಮಾರು 300 ಮೊಟ್ಟೆ ಇಡುತ್ತದೆ. ಪರೀಕ್ಷೆಯ ಖರ್ಚು ಅಷ್ಟಕ್ಕೂ ಹಂಚಿಹೋಗುವುದರಿಂದ ಯುರೋಪಿನಲ್ಲಿ ಮೊಟ್ಟೆಯೊಂದಕ್ಕೆ ಹೆಚ್ಚಾಗುವುದು ಕೆಲವೇ ಸೆಂಟ್.

ಕಾನೂನಿನಲ್ಲಿ ಕಂಡಿ ಉಳಿಸುವುದೂ ತಪ್ಪು. ಫ್ರಾನ್ಸ್ ನಿಷೇಧ ಹೇರಿತು, ಆದರೆ ಆಹಾರೋದ್ಯಮಕ್ಕೆ ಮೊಟ್ಟೆ ಕೊಡುವ ಬಿಳಿ ತಳಿಗಳಿಗೆ ವಿನಾಯಿತಿ ಕೊಟ್ಟಿತು. ಜರ್ಮನಿಯ ಕಾನೂನು ಗಡಿಯಾಚೆ ಹುಂಜಮರಿಗಳನ್ನು ಕೊಂದು ತಂದ ಕೋಳಿಯನ್ನು ತಡೆಯುವುದಿಲ್ಲ. ಅರ್ಧ ಮುಚ್ಚಿದ ಬಾಗಿಲಿನಿಂದ ಕ್ರೌರ್ಯ ಹೊರಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ.

ಭಾರತದಲ್ಲಿ ಈ ಚರ್ಚೆ ಇನ್ನೂ ಜೋರಾಗಿಲ್ಲ ಎನ್ನಬೇಕು. ನಾಟಿ ಕೋಳಿ ಸಾಕುವ ಮನೆಯಲ್ಲಿ ಹುಂಜಕ್ಕೂ ಬೆಲೆಯಿದೆ. ಹ್ಯಾಚರಿಯಲ್ಲಿ ಅದು ಕಸ. ನಮ್ಮ ಜಾತ್ರೆ, ಸಂತೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಕ್ಕಳಿಗೆ ಮಾರುವ ಮರಿಗಳಲ್ಲಿ ಹೆಚ್ಚಿನವು ಹೀಗೆ ಬೇಡವಾದ ಹುಂಜಮರಿಗಳೇ. ಪ್ರಾಣಿಗಳಿಗೆ ಅನಗತ್ಯ ನೋವು ಕೊಡಬಾರದು ಎಂದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಹೇಳುತ್ತದೆ. ತಪ್ಪಿಸಬಹುದಾದ ನೋವು ಅನಗತ್ಯವಲ್ಲದೆ ಮತ್ತೇನು?

ಕೇಂದ್ರ ಸರ್ಕಾರ ಹತ್ಯೆ ನಿಲ್ಲಬೇಕಾದ ದಿನಾಂಕವನ್ನು ಗೊತ್ತುಮಾಡಿ ಪ್ರಕಟಿಸಬೇಕು. ದೊಡ್ಡ ಹ್ಯಾಚರಿಗಳಿಂದ ಆರಂಭಿಸಿ, ಸಣ್ಣವರಿಗೆ ಯಂತ್ರ ಕೊಳ್ಳಲು ಸಾಲ ಮತ್ತು ಸಮಯ ಕೊಡಲಿ. ಬಣ್ಣದ ಮರಿಗಳ ಮಾರಾಟವನ್ನು ನಿಲ್ಲಿಸಲು ಯಾವ ಯಂತ್ರವೂ ಬೇಡ. ರಾಜ್ಯ ಸರ್ಕಾರ ಅದನ್ನು ಇಂದೇ ಮಾಡಬಹುದು, ಮಾಡಲೇಬೇಕು.