ಬೇಸ್‌ಮೆಂಟಿನ ಬೋರ್ಡ್ ಬದಲಾಗಲಿ

ಹಾಸ್ಟೆಲ್ ಸೀಟು ಸಿಗದೆ ಅಪಾರ್ಟ್‌ಮೆಂಟಲ್ಲಿ ಫ್ಲಾಟ್ ಹಿಡಿಯೋದು ಬೆಂಗಳೂರಿನ ಎಷ್ಟೋ ವಿದ್ಯಾರ್ಥಿಗಳ ಕಥೆ. ನಾಲ್ಕು ಜನ, ಮೂರು ಗಾಡಿ, ಒಂದು ಸ್ಟಿಕ್ಕರ್. ಉಳಿದ ಎರಡು ಗಾಡಿಗೆ ರಸ್ತೆಯೇ ಗತಿ. ಒಳಗೆ ಜಾಗ ಖಾಲಿ ಇದೆಯಲ್ಲಾ ಅಂತ ಕೇಳಿದ್ರೆ, 'ಅದು ಓನರ್ ದುಡ್ಡು ಕೊಟ್ಟು ತಗೊಂಡಿರೋ ಸ್ಲಾಟು' ಅನ್ನೋ ಉತ್ತರ ಬರುತ್ತೆ. ಆ ಓನರ್ ದುಬೈಯಲ್ಲೋ ದಾವಣಗೆರೆಯಲ್ಲೋ ಇರ್ತಾರೆ.

ರೂಲ್ಸೇ ಬೇಡ ಅಂತ ನಾವು ಹೇಳ್ತಿಲ್ಲ. ರೂಲ್ಸ್ ಇಲ್ಲದ ಪಾರ್ಕಿಂಗ್ ಹೇಗಿರುತ್ತೆ ಅಂತ ನೋಡ್ಬೇಕಿದ್ರೆ ಇಂಟರ್ನಲ್ಸ್ ದಿನ ಬೆಳಗ್ಗೆ ಕಾಲೇಜ್ ಗೇಟ್ ಹತ್ರ ನಿಂತ್ರೆ ಸಾಕು. ನಮ್ಮ ತಕರಾರು ಇಷ್ಟೇ: ಕಾನೂನು ಬದಲಾಗಿದೆ, ಬೋರ್ಡ್ ಬದಲಾಗಿಲ್ಲ.

ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರದ್ದು. ಡಿಕ್ಲರೇಷನ್ನಿನಲ್ಲಿ ಬೇರೆ ರೀತಿ ಬರೆದಿಲ್ಲ ಅಂದ್ರೆ ಪಾರ್ಕಿಂಗ್ ಜಾಗವನ್ನು ಅದು ಸಾಮಾನ್ಯ ಪ್ರದೇಶ ಅಂತಲೇ ಎಣಿಸುತ್ತೆ. 2010ರಲ್ಲಿ ಮುಂಬೈನ ಪಾಂಚಾಲಿ ಹೌಸಿಂಗ್ ಸೊಸೈಟಿ ಕೇಸಲ್ಲಿ ಸುಪ್ರೀಂ ಕೋರ್ಟ್, ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಬೇರೆಯಾಗಿ ಮಾರೋ ಹಾಗಿಲ್ಲ ಅಂತ ಹೇಳಿತು. ಅದು ಮಹಾರಾಷ್ಟ್ರದ ಕಾಯ್ದೆಯ ಮೇಲಿನ ತೀರ್ಪು. ಆಮೇಲೆ ಕೇಂದ್ರದ ರೇರಾ ಕಾಯ್ದೆ ಬಂತು. 2016ರ ಈ ಕಾಯ್ದೆ ತೆರೆದ ಪಾರ್ಕಿಂಗನ್ನು ಸಾಮಾನ್ಯ ಪ್ರದೇಶದ ಪಟ್ಟಿಗೆ ಸೇರಿಸಿತು. ಗ್ಯಾರೇಜ್ ಅಂದ್ರೆ ಮೇಲೆ ಚಾವಣಿ, ಮೂರು ಕಡೆ ಗೋಡೆ ಇರಬೇಕು ಅಂತಲೂ ಹೇಳಿತು. ಎರಡು ಕಂಬದ ನಡುವೆ ಹಳದಿ ಗೆರೆ ಎಳೆದ ಮಾತ್ರಕ್ಕೆ ಗ್ಯಾರೇಜ್ ಆಗಲ್ಲ.

ಹಾಗಂತ ಯಾರು ಎಲ್ಲಿ ಬೇಕಾದ್ರೂ ನಿಲ್ಲಿಸಬಹುದು ಅಂತಲ್ಲ. ಬಾಡಿಗೆಗಿರೋ ನಮಗೆ ಈ ಕಾನೂನು ಸ್ಲಾಟ್ ಬರೆದುಕೊಡೋದೂ ಇಲ್ಲ. ಸಾಮಾನ್ಯ ಜಾಗವನ್ನು ಅಸೋಸಿಯೇಷನ್ ಹಂಚಬಹುದು. ಆದರೆ ಹಂಚೋದು ಬೇರೆ, ಮಾರೋದು ಬೇರೆ. ಹಂಚಿದ್ದರ ಬಗ್ಗೆ ಮತ್ತೆ ಕೂತು ಮಾತಾಡೋಕೆ ದಾರಿ ಇರುತ್ತೆ.

ಓನರ್ ಅಂಕಲ್‌ಗಳ ಸಂಕಟ ನಮಗೂ ಅರ್ಥ ಆಗುತ್ತೆ. ಸ್ಲಾಟಿಗೆ ಅಂತ ಲಕ್ಷಗಟ್ಟಲೆ ಕೊಟ್ಟಿರ್ತಾರೆ. ಈಗ ಅದು ನಿಮ್ಮದಲ್ಲ ಅಂದ್ರೆ ಹೊಟ್ಟೆ ಉರಿಯಲ್ವಾ? ಆದರೆ ಆ ಜಗಳ ದುಡ್ಡು ತಗೊಂಡ ಬಿಲ್ಡರ್ ಜೊತೆ ಆಗ್ಬೇಕು, ಎದುರು ಮನೆಯವರ ಜೊತೆಯಲ್ಲ.

ಇನ್ನೊಂದು ಬದಲಾವಣೆ ನಮ್ಮ ಸಿಲಬಸ್‌ಗೆ ಹತ್ತಿರದ್ದು. 2017ರಲ್ಲಿ, ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. 2019ರಲ್ಲಿ ಕೇಂದ್ರದ ಮಾದರಿ ಕಟ್ಟಡ ಬೈಲಾಗೆ ತಿದ್ದುಪಡಿ ಬಂತು: ಪಾರ್ಕಿಂಗಿನ ಶೇ 20ರಷ್ಟು ಜಾಗಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಲಿ ಅಂತ. ಆದರೂ ಬೇಸ್‌ಮೆಂಟಲ್ಲಿ ಪ್ಲಗ್ ಹಾಕಿದ್ರೆ ದಂಡ ಅನ್ನೋ ಅಸೋಸಿಯೇಷನ್‌ಗಳಿವೆ. ಅವರ ಭಯ ಪೂರ್ತಿ ಸುಳ್ಳಲ್ಲ. 15 ಆಂಪಿಯರ್ ಸಾಕೆಟಲ್ಲಿ ಕಾರು ಸುಮಾರು 3.3 ಕಿಲೋವ್ಯಾಟ್ ಎಳೆಯುತ್ತೆ. ಆಫೀಸಿಂದ ಬಂದ 30 ಜನ ಒಟ್ಟಿಗೇ ಹಾಕಿದ್ರೆ ಹತ್ತಿರ ಹತ್ತಿರ 100 ಕಿಲೋವ್ಯಾಟ್. ಲಿಫ್ಟು, ಪಂಪು, ಕಾರಿಡಾರ್ ಲೈಟಿಗೆ ಅಂತ ತಗೊಂಡ ಕನೆಕ್ಷನ್ ಅದನ್ನ ತಡೆಯೋದು ಕಷ್ಟ. ಆದರೆ ಅದಕ್ಕೆ ಮದ್ದು ನಿಷೇಧ ಅಲ್ಲ. ಪ್ರತ್ಯೇಕ ಮೀಟರ್, ಸರಿಯಾದ ಎಂಸಿಬಿ, ಅರ್ಥಿಂಗ್, ಮತ್ತೆ ಸರದಿ. ಹತ್ತು ಹತ್ತು ಕಾರಿನಂತೆ ಮೂರು ಸರದಿ ಮಾಡಿದ್ರೆ ಅದೇ ಲೋಡ್ 33ಕ್ಕೆ ಇಳಿಯುತ್ತೆ.

ನಾವು ಕೇಳೋದು ಇಷ್ಟು. ಆರು ತಿಂಗಳಿಂದ ಗಾಡಿ ನಿಲ್ಲದ ಸ್ಲಾಟುಗಳನ್ನ, ಓನರ್ ವಾಪಸ್ ಬರೋ ತನಕ ಬೇರೆಯವರು ಬಳಸೋ ಹಾಗಾಗಲಿ. 2.5 ಮೀಟರ್ ಅಗಲ, 5 ಮೀಟರ್ ಉದ್ದದ ಒಂದು ಕಾರಿನ ಜಾಗದಲ್ಲಿ ಐದಾರು ಬೈಕ್ ನಿಲ್ಲುತ್ತೆ. ಎರಡು ಸ್ಲಾಟ್ ಬಿಟ್ಟುಕೊಟ್ರೆ ರಸ್ತೆ ಮೇಲಿನ ಎಷ್ಟೋ ಗಾಡಿ ಒಳಗೆ ಬರುತ್ತೆ. ಲಿಫ್ಟ್ ಪಕ್ಕದ ಅಗಲವಾದ ಜಾಗ ವೀಲ್‌ಚೇರ್ ಬಳಸೋರಿಗೆ ಮೀಸಲಾಗಲಿ, ಅಧ್ಯಕ್ಷರ ಕಾರಿಗಲ್ಲ. ಮತ್ತೆ ಇದೆಲ್ಲ ರಾತ್ರೋರಾತ್ರಿ ವಾಟ್ಸಾಪ್ ಮೆಸೇಜಾಗಿ ಬರದೆ, ಜನರಲ್ ಬಾಡಿಯಲ್ಲಿ ಚರ್ಚೆಯಾಗಿ ಬೈಲಾದಲ್ಲೇ ಸೇರಲಿ.

ಬಾಡಿಗೆಯವರು ಆ ಸಭೆಯಲ್ಲಿ ಕೈ ಎತ್ತೋಕಾಗಲ್ಲ, ನಿಜ. ಆದರೆ ಓನರ್ ಹತ್ರ ಬೈಲಾ ಪ್ರತಿ ಕೇಳಬಹುದು, ಒಂದು ಪುಟದ ಮನವಿ ಕೊಟ್ಟು ಕಳಿಸಬಹುದು. ಅಪ್ಪ ಅಮ್ಮನ ಜೊತೆ ಸ್ವಂತ ಫ್ಲಾಟಲ್ಲಿ ಇರೋರು, ಭಾನುವಾರ ನಿದ್ದೆ ಬಿಟ್ಟು ಅವರ ಜೊತೆ ಸಭೆಗೆ ಹೋಗಬಹುದು. ಸಿವಿಲ್ ಬ್ರಾಂಚಿನವರು ಟೇಪ್ ಹಿಡಿದು ಬೇಸ್‌ಮೆಂಟ್ ಅಳೆದು ಕೊಡಲಿ, ಎಲೆಕ್ಟ್ರಿಕಲ್‌ನವರು ಲೋಡ್ ಲೆಕ್ಕ ಮಾಡಿ ಕೊಡಲಿ. ಬರೀ ಕೂಗಾಡೋ ಹುಡುಗರ ಮಾತನ್ನ ಅಸೋಸಿಯೇಷನ್ ಕೇಳದೇ ಇರಬಹುದು. ನಕ್ಷೆ, ಲೆಕ್ಕ ಎರಡೂ ಹಿಡಿದು ಬಂದವರನ್ನ ಸುಮ್ನೆ ವಾಪಸ್ ಕಳಿಸೋದು ಅಷ್ಟು ಸುಲಭ ಅಲ್ಲ.