ಬೇಲಿ ಇಲ್ಲದ ರೋಬೋಟು: ಸುರಕ್ಷತೆಯ ಹೊಣೆ ಯಾರದು?

ವಾಹನ ತಯಾರಿಕಾ ಕ್ಷೇತ್ರದಲ್ಲಿ ಕಾರ್ಮಿಕನ ಪಕ್ಕದಲ್ಲಿಯೇ ನಿಂತು ಕೆಲಸ ಮಾಡುವ ‘ಕೋಬೋಟ್’, ಅಂದರೆ ಸಹಯೋಗಿ ರೋಬೋಟ್, ಇಂದು ದೊಡ್ಡ ಕಾರ್ಖಾನೆಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಬಿಡಿಭಾಗ ಪೂರೈಸುವ ಸಣ್ಣ ಘಟಕಗಳೂ ಅದನ್ನು ಕೊಳ್ಳುವ ಆಲೋಚನೆಯಲ್ಲಿವೆ. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳ ಐಟಿಐಗಳಲ್ಲಿ ಕಲಿತು ಬಿಡದಿ, ಪೀಣ್ಯಗಳತ್ತ ಉದ್ಯೋಗ ಅರಸಿ ಹೋಗುವ ನಮ್ಮ ಮಕ್ಕಳೇ ನಾಳೆ ಈ ಯಂತ್ರಗಳ ಪಕ್ಕದಲ್ಲಿ ನಿಲ್ಲಬೇಕಾದವರು. ಆದ್ದರಿಂದ ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಉದ್ಯಮಿಗಳು ಸ್ಪಷ್ಟ ನಿಲುವು ತಳೆಯುವುದು ಅಗತ್ಯ.

‘ಕೋಬೋಟ್’ ಕಲ್ಪನೆ 1996ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರಿಂದ ರೂಪುಗೊಂಡಿತು. ಡೆನ್ಮಾರ್ಕಿನ ಯೂನಿವರ್ಸಲ್ ರೋಬೋಟ್ಸ್ ಸಂಸ್ಥೆ 2008ರಲ್ಲಿ ತನ್ನ ಮೊದಲ ಯಂತ್ರವನ್ನು ಮಾರಿತು. ನಮ್ಮ ದೇಶದಲ್ಲಿ ಬಜಾಜ್ ಆಟೋ ಸಂಸ್ಥೆಯು ದ್ವಿಚಕ್ರ ವಾಹನಗಳ ಜೋಡಣೆಗೆ ಇವನ್ನು ಮೊದಲಿಗೆ ಬಳಸಿದ ಸಂಸ್ಥೆಗಳಲ್ಲೊಂದು. ಬೆನ್ನು ಬಗ್ಗಿಸಿ ಮಾಡುವ, ಒಂದೇ ಬಗೆಯ, ದಣಿಸುವ ಕೆಲಸಗಳನ್ನು ಯಂತ್ರಕ್ಕೆ ಒಪ್ಪಿಸುವುದು ಸ್ವಾಗತಾರ್ಹವೇ. ಇದರಲ್ಲಿ ಎರಡು ಮಾತಿಲ್ಲ.

ಹೆಸರಿನಿಂದ ಸುರಕ್ಷತೆ ಬರುವುದಿಲ್ಲ

ಆದರೆ ‘ಸಹಯೋಗಿ’ ಎಂಬ ಹೆಸರು ನಮ್ಮನ್ನು ಮೈಮರೆಸುತ್ತಿದೆ. ಮಾರಾಟಗಾರರು ‘ಬೇಲಿ ಬೇಕಿಲ್ಲ, ತಂದಿಟ್ಟರೆ ಸಾಕು’ ಎನ್ನುತ್ತಾರೆ. ಕೋಬೋಟಿನ ತೋಳು ಮನುಷ್ಯನಿಗೆ ತಾಗಿದೊಡನೆ ನಿಲ್ಲಬಹುದು. ಆದರೆ ಅದರ ತುದಿಯಲ್ಲಿ ಹರಿತವಾದ ಅಂಚಿನ ತಗಡು ಇದ್ದರೆ ಮೆಲ್ಲಗೆ ತಾಗಿದರೂ ಗಾಯ ತಪ್ಪದು. ಆದ್ದರಿಂದಲೇ 2025ರಲ್ಲಿ ಪರಿಷ್ಕೃತಗೊಂಡ ಐಎಸ್ಒ 10218 ಮಾನದಂಡವು ‘ಸಹಯೋಗಿ ರೋಬೋಟ್’ ಎಂಬ ಪದವನ್ನೇ ಕೈಬಿಟ್ಟು ‘ಸಹಯೋಗಿ ಬಳಕೆ’ ಎಂಬುದನ್ನು ಸ್ವೀಕರಿಸಿದೆ. ಸುರಕ್ಷಿತವಾಗಿರಬೇಕಾದುದು ಬರಿಯ ಯಂತ್ರವಲ್ಲ; ಅದರ ಹಿಡಿಕೆ, ಅದು ಹಿಡಿದ ವಸ್ತು, ಅದರ ವೇಗ, ನಿಲ್ಲುವ ಜಾಗ ಎಲ್ಲವೂ ಸೇರಿದ ಒಟ್ಟು ಕೆಲಸ.

ನಿಧಾನವಾಗಿ ಚಲಿಸುವುದರಿಂದ ಅಪಾಯವಿಲ್ಲ ಎಂಬ ವಾದವೂ ಕೇಳಿಬರುತ್ತದೆ. ಆಲೆಮನೆಗಳ ನಾಡಿನವರಾದ ನಮಗೆ ಇದಕ್ಕೆ ಉತ್ತರ ಹೇಳಿಕೊಡಬೇಕಾಗಿಲ್ಲ. ಕಬ್ಬಿನ ಗಾಣ ತಿರುಗುವುದು ನಿಧಾನವಾಗಿಯೇ. ಆದರೂ ಉರುಳೆಗಳ ನಡುವೆ ಸಿಕ್ಕಿದ ಕೈ ಉಳಿಯುವುದಿಲ್ಲ. ಕೋಬೋಟಿನ ವಿಷಯದಲ್ಲಿಯೂ ಬಡಿಯುವುದಕ್ಕಿಂತ ಅದುಮಿ ಹಿಡಿಯುವುದು ಹೆಚ್ಚು ಅಪಾಯಕರ. 2016ರ ಐಎಸ್ಒ/ಟಿಎಸ್ 15066 ದಾಖಲೆಯು ದೇಹದ 29 ಬಿಂದುಗಳಿಗೆ ಮಿತಿಗಳನ್ನು ನಿಗದಿಪಡಿಸಿತು. ಅದರಂತೆ ಕೈಬೆರಳು ಸಿಕ್ಕಿಕೊಂಡಾಗ ಬೀಳುವ ಬಲ 140 ನ್ಯೂಟನ್, ಎಂದರೆ ಸುಮಾರು 14 ಕಿಲೋಗ್ರಾಂ ಭಾರ, ಮೀರಬಾರದು. ಕ್ಷಣಮಾತ್ರದ ತಾಗುವಿಕೆಗೆ ಇದರ ಎರಡರಷ್ಟು ಮಿತಿಯಿದೆ. ತಲೆ, ಮುಖಗಳಿಗೆ ಕ್ಷಣಮಾತ್ರದ ಹೊಡೆತವನ್ನೂ ಅದು ಒಪ್ಪುವುದಿಲ್ಲ. ಈ ಮಿತಿಗಳನ್ನು ಪಾಲಿಸಲಾಗಿದೆಯೇ ಎಂಬುದು ಕಣ್ಣಂದಾಜಿನಿಂದ ತಿಳಿಯದು, ಉಪಕರಣವಿಟ್ಟು ಅಳೆಯಬೇಕು.

ಉತ್ಪಾದನೆಯ ಒತ್ತಡ

ಅಳತೆ ಒಮ್ಮೆ ಮುಗಿದರೆ ಸಾಲದು. ಬಲದ ಮಿತಿಗೆ ಒಳಪಟ್ಟ ಕೋಬೋಟು ಸಹಜವಾಗಿಯೇ ನಿಧಾನ. ಬೇಡಿಕೆ ಹೆಚ್ಚಿದಾಗ, ಪ್ರತಿ ಬಿಡಿಭಾಗಕ್ಕೆ ತಗಲುವ ಸಮಯದಲ್ಲಿ ಎರಡು ಸೆಕೆಂಡು ಉಳಿಸಲೆಂದು ಯಾರಾದರೂ ಅದರ ವೇಗವನ್ನು ಹೆಚ್ಚಿಸಿದರೆ, ಹಿಂದಿನ ಪ್ರಮಾಣಪತ್ರ ಅಂದಿಗೇ ಬೆಲೆ ಕಳೆದುಕೊಳ್ಳುತ್ತದೆ. ವೇಗ ಬದಲಾದರೂ, ಹಿಡಿಕೆ ಬದಲಾದರೂ ಮತ್ತೆ ಅಳೆಯಲೇಬೇಕು ಎಂಬ ನಿಯಮವನ್ನು ಮಾಲೀಕರೇ ವಿಧಿಸಿಕೊಳ್ಳಬೇಕು.

ಇತಿಹಾಸದ ಪಾಠವೂ ಕಠೋರವಾಗಿದೆ. 1979ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಫ್ಲಾಟ್ ರಾಕ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರ್ಮಿಕನೊಬ್ಬ ರೋಬೋಟಿನ ತೋಳಿನ ಹೊಡೆತಕ್ಕೆ ಬಲಿಯಾದ. 2015ರ ಆಗಸ್ಟ್‌ನಲ್ಲಿ ಹರಿಯಾಣದ ಮಾನೇಸರ್‌ನ ಬಿಡಿಭಾಗ ಘಟಕವೊಂದರಲ್ಲಿ, ಸ್ಥಾನ ತಪ್ಪಿದ ಲೋಹದ ಹಾಳೆಯನ್ನು ಸರಿಪಡಿಸಲು ಹೋದ ಕಾರ್ಮಿಕ ವೆಲ್ಡಿಂಗ್ ರೋಬೋಟಿಗೆ ಸಿಕ್ಕಿ ಮೃತಪಟ್ಟನೆಂದು ವರದಿಯಾಯಿತು. ಇವು ಕೋಬೋಟುಗಳಲ್ಲ, ನಿಜ. ಆದರೆ ‘ಒಂದು ನಿಮಿಷದ ಕೆಲಸ, ಲೈನ್ ಏಕೆ ನಿಲ್ಲಿಸಬೇಕು’ ಎಂಬ ಮನೋಭಾವ ಬೇಲಿಯಿಲ್ಲದ ಯಂತ್ರದ ಬಳಿ ಇನ್ನೂ ಸುಲಭವಾಗಿ ಬೆಳೆಯುತ್ತದೆ.

ನಿಲ್ಲಿಸುವ ಹಕ್ಕು

ಆದ್ದರಿಂದ ನನ್ನ ಮುಖ್ಯ ಅಭಿಪ್ರಾಯವಿಷ್ಟು: ಯಂತ್ರವನ್ನು ನಿಲ್ಲಿಸುವ ಹಕ್ಕು ಅದರ ಪಕ್ಕದಲ್ಲಿ ನಿಂತವನಿಗೆ, ಗುತ್ತಿಗೆ ಕಾರ್ಮಿಕನಾಗಿದ್ದರೂ, ಇರಬೇಕು, ನಿಲ್ಲಿಸಿದ್ದಕ್ಕೆ ಅವನನ್ನು ಯಾರೂ ಗದರಿಸಬಾರದು. ಇದು ಹೊಸ ಮಾತೇನಲ್ಲ. ನೂಲು ಕಡಿದೊಡನೆ ತಾನೇ ನಿಲ್ಲುವ ಮಗ್ಗವನ್ನು ಸಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದರು. ದೋಷ ಕಂಡ ಕಾರ್ಮಿಕನೇ ಹಗ್ಗ ಎಳೆದು ಲೈನ್ ನಿಲ್ಲಿಸುವ ‘ಆಂಡಾನ್’ ಪದ್ಧತಿ ಆ ತತ್ತ್ವದಿಂದಲೇ ಬೆಳೆಯಿತು. ಆ ಪರಂಪರೆಯ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ 1997ರಲ್ಲಿ ಸ್ಥಾಪನೆಯಾಗಿ ನಮ್ಮ ಬಿಡದಿಯಲ್ಲೇ ಕಾರು ತಯಾರಿಸುತ್ತಿದೆ. ಗುಣಮಟ್ಟಕ್ಕಾಗಿ ಲೈನ್ ನಿಲ್ಲಿಸಬಹುದಾದರೆ, ಕೈಬೆರಳಿಗಾಗಿ ಏಕೆ ನಿಲ್ಲಿಸಬಾರದು?

ಸಣ್ಣ ಘಟಕಗಳು ಏನು ಮಾಡಬೇಕು?

1948ರ ಕಾರ್ಖಾನೆಗಳ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಜಾರಿಗೆ ಬಂದಿದೆ. ಅದರ ಪ್ರಕಾರ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳು ಸುರಕ್ಷತಾ ಅಧಿಕಾರಿಯನ್ನು ನೇಮಿಸಬೇಕು. ಹಿಂದೆ ಈ ಮಿತಿ 1,000 ಆಗಿತ್ತು. ಆದರೆ 40–50 ಜನರ ಘಟಕಕ್ಕೆ ಅಂತಹ ಅಧಿಕಾರಿಯೂ ಇಲ್ಲ, ಬಲ ಅಳೆಯುವ ಉಪಕರಣ ಕೊಳ್ಳುವ ಶಕ್ತಿಯೂ ಇಲ್ಲ. ಈ ಕೊರತೆಯನ್ನು ಒಬ್ಬೊಬ್ಬರೇ ನೀಗಿಸಿಕೊಳ್ಳಲಾಗದು, ಸಂಘಟನೆಯಿಂದ ಸಾಧ್ಯ.

ಹಾಸನದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. 1960ರಲ್ಲಿ ಆರಂಭವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿದೆ. ನಮ್ಮ ಸಂಸ್ಥೆಯು ಇವುಗಳ ಸಹಯೋಗದೊಡನೆ ಒಂದು ಅಳತೆ ಉಪಕರಣವನ್ನು ಕೊಂಡು, ಇಬ್ಬರು ತಜ್ಞರಿಗೆ ತರಬೇತಿ ಕೊಡಿಸಿ, ಸದಸ್ಯ ಘಟಕಗಳಿಗೆ ಕಡಿಮೆ ದರದಲ್ಲಿ ಸೇವೆ ಒದಗಿಸಬೇಕು. ಅಪಾಯದ ಮೌಲ್ಯಮಾಪನ ಖರೀದಿ ಆದೇಶಕ್ಕೆ ಮುನ್ನವೇ ನಡೆಯಬೇಕು; ಅಲ್ಲಿ ಕೆಲಸ ಮಾಡಲಿರುವ ಕಾರ್ಮಿಕನೂ ಆ ಸಭೆಯಲ್ಲಿ ಕುಳಿತಿರಬೇಕು. ಸೂಚನಾ ಫಲಕಗಳು ಕನ್ನಡದಲ್ಲಿಯೂ, ಹೊರರಾಜ್ಯದ ಕಾರ್ಮಿಕರಿದ್ದಲ್ಲಿ ಅವರ ಭಾಷೆಯಲ್ಲಿಯೂ ಇರಬೇಕು.

ಇದಕ್ಕೆ ವೆಚ್ಚವಾಗುತ್ತದೆ ಎಂಬ ಆಕ್ಷೇಪ ಸಹಜ. ಆದರೆ ಅಳತೆಯ ವೆಚ್ಚವನ್ನು ಯಂತ್ರದ ಬೆಲೆಯ ಭಾಗವೆಂದೇ ಎಣಿಸಬೇಕು. ಅದನ್ನು ಭರಿಸಲಾಗದವರು ಸದ್ಯಕ್ಕೆ ಕೋಬೋಟನ್ನು ಕೊಳ್ಳದಿರುವುದೇ ಲೇಸು. ಮುಂಬರುವ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ಸಲಹೆಯನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಸದಸ್ಯ ಬಂಧುಗಳಲ್ಲಿ ವಿನಂತಿಸುತ್ತೇನೆ.